ಉತ್ತರ ಬಾರದಿದ್ದರೆ 'ಎನ್'

ಕೆಟ್ಟ ಕಂಪ್ಯೂಟರು ಸುಮ್ಮನೆ ಕೂತಿರುತ್ತದೆ, ಅದರ ಪಕ್ಕದಲ್ಲಿ ನಿಂತವರು ಸುಮ್ಮನಿರುವುದಿಲ್ಲ. ತೊಂಬತ್ತರ ದಶಕದಲ್ಲಿ ಕೈಚೀಲದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಚಿಕ್ಕೋಡಿಯಿಂದ ಅಥಣಿ, ರಾಯಬಾಗ, ನಿಪ್ಪಾಣಿ ಅಂತ ಬಸ್ಸಿನಲ್ಲಿ ತಿರುಗುತ್ತಿದ್ದ ನನಗೆ ಇಂಥ ಪ್ರಸಂಗಗಳಿಗೆ ಬರವಿರಲಿಲ್ಲ. ಅದರಲ್ಲೂ ನಿಪ್ಪಾಣಿಯ ಒಂದು ಟೈಪಿಂಗ್ ಕ್ಲಾಸಿನ ಹಳೇ ಕಂಪ್ಯೂಟರು ನನ್ನ ಹಣೆಯಲ್ಲೇ ಬರೆದಿತ್ತು. ಮಾಲಕರು ಅದರಲ್ಲಿ ಜಾತಕವನ್ನೂ ಕೂಡಿಸಿ ಕೊಡುತ್ತಿದ್ದರು.

ಇದ್ದ ಫಾಲ್ಟು

ಅದರ ಎಂಟರ್ ಬಟನ್ ಒಮ್ಮೆ ಒತ್ತಿದರೆ ಮೂರು ಸಲ ಒತ್ತಿದ ಹಾಗಾಗುತ್ತಿತ್ತು. 'ಎಲ್ಲ ಅಳಿಸಲೇ?' ಎಂದು ಯಂತ್ರ ಕೇಳುವಷ್ಟರಲ್ಲಿ ಎಂಟರ್ ತಾನೇ 'ಹೂಂ' ಅಂದುಬಿಡುತ್ತಿತ್ತು. ಹಾಗೆ ಎರಡು ಸಲ ಜಾತಕಗಳೆಲ್ಲ ಮಾಯವಾದವು. ಹೊಸ ಕೀಬೋರ್ಡು ಕೊಲ್ಹಾಪುರದಿಂದ ಬರಬೇಕಿತ್ತು. ಅಲ್ಲಿಯವರೆಗೆ ನಾನೊಂದು ಉಪಾಯ ಮಾಡಿದೆ. ಎಂಟರ್ ಒತ್ತಿದರೂ, ಹತ್ತು ಎಣಿಸುವವರೆಗೆ ಯಾರೂ ಏನೂ ಒತ್ತದಿದ್ದರೂ ಉತ್ತರ 'ಎನ್', ಅಂದರೆ ಬೇಡ. ಹೂಂ ಅನ್ನುವವರು ಬೇಕಂತಲೇ 'ವೈ' ಒತ್ತಬೇಕು.

"ಏನ್ ಮಾಡಿದ್ರಿ?" ಮಾಲಕರು ಕೇಳಿದರು.

"ಡಿಫಾಲ್ಟ್ ಹಾಕೀನ್ರಿ."

ಅವರು ನನ್ನನ್ನೇ ನೋಡಿದರು. "ಇದ್ದ ಫಾಲ್ಟು ಸಾಲಲಿಲ್ಲೇನ್ರಿ?"

ಐವತ್ನಾಲ್ಕರ ಅಜ್ಜ

ಆಮೇಲೆ ಒಳಗಿನ ಬ್ಯಾಟರಿ ಸತ್ತಿತು. ಚಾಲೂ ಮಾಡಿದಾಗೊಮ್ಮೆ ತಾರೀಕು ೧೯೮೦ರ ಜನವರಿ ಒಂದು. ದಿನ ಮರೆತ ಯಂತ್ರ ತನ್ನ ಎಣಿಕೆ ಶುರುವಾದ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಮೊಮ್ಮಗಳ ಜಾತಕಕ್ಕೆಂದು ಬೋರಗಾಂವದಿಂದ ಬಂದ ಎಪ್ಪತ್ತರ ಅಜ್ಜ ತಮ್ಮದನ್ನೂ ತೆಗೆಸಿದರು. ವಯಸ್ಸು ಐವತ್ನಾಲ್ಕು ಅಂತ ಬಂತು.

ನಾನು ಗಾಬರಿಯಾಗಿ, "ತಾರೀಕು ತಪ್ಪೈತ್ರಿ. ಇನ್ನ ಮ್ಯಾಲೆ ಹಂಗಾದ್ರ ವಯಸ್ಸಿನ ಜಾಗಾ ಖಾಲಿ ಬಿಡೂಹಂಗ ಮಾಡ್ತೀನಿ" ಎಂದೆ.

ಅಜ್ಜ ಕಾಗದ ಮಡಚಿ ಕಿಸೆಗಿಟ್ಟರು. "ಗಡಬಡಿ ಬ್ಯಾಡ. ನಾಳೆ ನಮ್ಮ ಮನಿಯಾಕಿನ್ನೂ ಕರ್ಕೊಂಡ ಬರ್ತೀನಿ."

ಮಷೀನು ಬ್ಯಾಡಂತು

ಮೂರನೆಯದರಲ್ಲಿ ಸಿಕ್ಕಿಬಿದ್ದವನು ನಾನೇ. ಅದೇ ಕ್ಲಾಸಿನಲ್ಲಿ ಟೈಪಿಂಗ್ ಕಲಿತ ದಿಗ್ಗೇವಾಡಿಯ ಹುಡುಗಿಯನ್ನು ನನಗೆ ತೋರಿಸಿದ್ದರು. ನನಗೆ ಅವಳು ತುಂಬ ಇಷ್ಟವಾಗಿದ್ದಳು. ಅವಳ ಅಪ್ಪ, ಜಾತಕ ಕೂಡಿದರೆ ಮಾತ್ರ ಮುಂದಿನ ಮಾತು ಎಂದು ಮಗಳ ಜೊತೆ ಕ್ಲಾಸಿಗೇ ಬಂದರು.

ಮಾಲಕರು ಇಬ್ಬರದ್ದೂ ಹಾಕಿದರು. ಗುಣ ಚೆನ್ನಾಗಿಯೇ ಕೂಡಿದವು. 'ಈ ಜೋಡಿ ಇಟ್ಟುಕೊಳ್ಳಲೇ?' ಎಂದು ಯಂತ್ರ ಕೇಳಿತು. ಅಷ್ಟರಲ್ಲಿ ಚಹಾ ಬಂತು. ಎಲ್ಲರೂ ಕಪ್ಪು-ಬಸಿ ಹಿಡಿದು ಹೀರುತ್ತಿದ್ದಾಗ ಹತ್ತು ಎಣಿಕೆ ಮುಗಿದು, ತೆರೆಯ ಮೇಲೆ 'ಎನ್' ಮೂಡಿ, ಜೋಡಿ ಅಳಿಸಿಹೋಯಿತು.

ಅಪ್ಪ ಬಸಿ ಕೆಳಗಿಟ್ಟರು. "ನಡಿಯವಾ. ಮಷೀನು ಬ್ಯಾಡಂತು."

"ಮಷೀನು ಅಂದಿದ್ದಲ್ರಿ, ಅದನ್ನ ನಾನ ಹಾಕಿದ್ದು" ಎಂದೆ.

"ಅಂದ್ರ ಬ್ಯಾಡಂತ ನೀವ ಹಾಕೀರಿ?"

ಎಂಟರಿನಿಂದ ಹಿಡಿದು ಎಲ್ಲ ಕಥೆ ಹೇಳಿದೆ. ಅಪ್ಪ ಬಾಗಿಲ ಕಡೆ ನೋಡುತ್ತಿದ್ದರು. ಕೇಳಿಸಿಕೊಂಡವಳು ಹುಡುಗಿ ಒಬ್ಬಳೇ.

"ಯಾರೂ ಏನೂ ಅನ್ನಲಿಲ್ಲಂದ್ರ ಇದು 'ಬ್ಯಾಡ' ಅಂತ ತಿಳ್ಕೋತೈತಿ?" ಎಂದಳು.

"ಹೌದ್ರಿ. ಹಂಗಾದ್ರ ಯಾರಿಗೂ ಲುಕ್ಸಾನ ಇಲ್ಲ."

"ಚಲೋ ಐತಲ್ಲ. ನಮ್ಮ ಮನ್ಯಾಗ ಹುಡುಗಿ ಸುಮ್ಮನಿದ್ರ 'ಹೂಂ' ಅಂತ ತಿಳ್ಕೋತಾರ."

ಅಪ್ಪ ತಿರುಗಿ ನೋಡಿದರು. "ಹಂಗಾದ್ರ ನೀ ಏನಂತಿ?"

ಆವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅಂತ ನೆನಪಾಗಿ ನಾಚಿಕೆಯಾಯಿತು.

ಅವಳು ಮಾಲಕರ ಕುರ್ಚಿಯಲ್ಲಿ ಕೂತು, ಕೀಬೋರ್ಡು ನೋಡದೆ, ಎರಡೂ ಜಾತಕ ಮತ್ತೆ ಹೊಡೆದಳು. ಯಂತ್ರ ಮತ್ತೆ ಕೇಳಿತು. ಅವಳು ನನ್ನನ್ನು ನೋಡುತ್ತ ಸುಮ್ಮನೆ ಕೂತಳು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಎಂಟಾಯಿತು, ಒಂಬತ್ತಾಯಿತು. ಆಗ ಟೈಪ್‌ರೈಟರಿಗೆ ಹೊಡೆದ ಹಾಗೆ ಗಟ್ಟಿಯಾಗಿ 'ವೈ' ಹೊಡೆದಳು.

ಹೊಸ ಕೀಬೋರ್ಡು ಬಂದು ಎಂಟರ್ ಸರಿಹೋಯಿತು. ಡಿಫಾಲ್ಟ್ ಮಾತ್ರ ನಮ್ಮ ಮನೆಯಲ್ಲಿ ಇವತ್ತಿಗೂ ಅದೇ. "ಚಹಾ ಆಕ್ಕೈತೇನು?" ಎಂದು ಕೇಳುತ್ತೇನೆ. ಅವಳು ಸುಮ್ಮನಿದ್ದರೆ ಹತ್ತು ಎಣಿಸಿ, ನಾನೇ ಎದ್ದು ಮಾಡಿಕೊಳ್ಳುತ್ತೇನೆ.