ಬಿಟಿಎಂಗೆ ಬಂದ ಪಂಚಾಯ್ತಿ ಕ್ಯಾಂಡಿಡೇಟು

ಊರಿನ ಪಂಚಾಯ್ತಿ ಎಲೆಕ್ಷನ್ನಿಗೂ ಬೆಂಗಳೂರಿನ ಬಿಟಿಎಂ ಲೇಔಟಿಗೂ ಏನು ಸಂಬಂಧ ಅಂತ ಕೇಳೋರು ನಮ್ಮ ರೂಮಿಗೆ ಬಂದಿಲ್ಲ ಅಂತ ಅರ್ಥ. ಉತ್ತರ ಕರ್ನಾಟಕದ ನಮ್ಮ ಊರಿನ ಒಂದೇ ವಾರ್ಡಿನ ಅರ್ಧ ಹುಡುಗರು ದುಡಿಯೋಕೆ ಇಲ್ಲಿ ಬಂದಿದ್ದೀವಿ, ಓಟು ಮಾತ್ರ ಊರಲ್ಲೇ ಬಿಟ್ಟು ಬಂದಿದ್ದೀವಿ. ಹಾಗಾಗಿ ಇಂಥವು ಪ್ರತಿ ಎಲೆಕ್ಷನ್ನಿಗೂ ನಡೀತಾನೇ ಇರ್ತವೆ. ವರ್ಷಗಟ್ಟಲೆ ನಮ್ಮ ಫೋನ್ ಎತ್ತದವರು ತಾವೇ ಫೋನ್ ಮಾಡಿ ಊಟ ಆಯ್ತೇನು ಅಂತ ಕೇಳ್ತಾರೆ. ನಾವು ಉಂಡರೆಷ್ಟು, ಬಿಟ್ಟರೆಷ್ಟು ಇವರಿಗೆ! ಈ ಸಲದ್ದು ಹೇಳ್ತೀನಿ.

ಕೈ ಮುಗಿದ ಮಾಮ

ಒಂದು ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ನನ್ನ ಸೋದರಮಾವ ರೊಟ್ಟಿ ಗಂಟು ಹಿಡ್ಕೊಂಡು ನಿಂತಿದ್ದ. ಚಿಕ್ಕಂದಿನಿಂದ ನನ್ನನ್ನು 'ಲೇ ಕತ್ತಿ', ಅಂದರೆ ಕತ್ತೆ, ಅಂತಲೇ ಕರೆದ ಮನುಷ್ಯ ಅವತ್ತು ಎರಡೂ ಕೈ ಜೋಡಿಸಿ, "ನಮಸ್ಕಾರ್ರೀ ಅಳಿಯಂದ್ರ, ಆರಾಮ ಅದೀರೇನ್ರಿ?" ಅಂದ. ಏನೋ ಕೆಟ್ಟ ಸುದ್ದಿ ಇರಬೇಕು ಅಂದ್ಕೊಂಡೆ.

"ಮಾಮಾ, ಊರಾಗ ಯಾರ ಹೋದ್ರು?"

"ಯಾರೂ ಹೋಗಿಲ್ಲಪಾ. ನಾ ಎಲೆಕ್ಷನ್ನಿಗೆ ನಿಂತೀನಿ."

ಹೋದ ಸಲ ಮಾಮ ಸ್ವಲ್ಪದರಲ್ಲೇ ಸೋತಿದ್ದ. ಆಮೇಲಿಂದ ಊರ ಕಟ್ಟೆ ಮೇಲೆ ಕೂತವರೆಲ್ಲ ಅವನನ್ನು ಕಂಡಾಗಲೆಲ್ಲ "ಬರ್ರಿ ಮೆಂಬರ್ ಸಾಹೇಬ್ರ" ಅಂತ ಕಾಡಿಸೋರು. ಪಾಪ, ಸಂತೆಗೆ ಹೋಗಬೇಕಾದರೂ ಸುತ್ತು ಹಾಕ್ಕೊಂಡು ಹೋಗೋನು. ಈ ಸಲಾನೂ ಸೋತರೆ ಆ ಊರಲ್ಲಿ ಮುಖ ಎತ್ತಿ ತಿರುಗೋ ಹಾಗಿಲ್ಲ ಅಂತ ಹೇಳುವಾಗ ಅವನ ದನಿ ಬಿತ್ತು.

"ನನ್ನ ಓಟು ನಿಂಗ ಮಾಮಾ, ಖರೇನ," ಅಂದೆ.

ಮಾಮ ಜೋಡಿಸಿದ್ದ ಕೈ ಬಿಟ್ಟ. "ಹಂಗಾದ್ರ ಹೋಗಿ ಚಾ ಇಡಲೇ ಕತ್ತಿ," ಅಂದ.

ಇಲ್ಲಿಯ ಮತದಾರರು

ಕೈ ಮುಗಿಯೋ ಚಟ ಒಂದು ಸಲ ಹತ್ತಿತು ಅಂದರೆ ಬಿಡೋದಲ್ಲ. ಮಾಮ ನಮ್ಮ ಬೀದಿಯಲ್ಲಿ ಹಾಲಿನವನಿಗೂ ಕೈ ಮುಗಿದ, ಪಿಜಿ ಮುಂದೆ ನಿಂತ ಹುಡುಗಿಯರಿಗೂ ಮುಗಿದ. ಕೊನೆಗೆ ಕೆಳಗಿನ ಮನೆ ಓನರ್ ಅಂಕಲ್‌ಗೆ ಸಿಕ್ಕಿಬಿದ್ದ. ಈ ಅಂಕಲ್ ಅಪ್ಪ ಇದೇ ಜಾಗದಲ್ಲಿ ರಾಗಿ ಬೆಳೀತಿದ್ದರಂತೆ. ಈಗ ಇವರು ಬಾಡಿಗೆ ಬೆಳೀತಾರೆ.

"ನೀವು ಎಲೆಕ್ಷನ್‌ಗೆ ನಿಂತಿದೀರಂತೆ, ಹೌದಾ ಸಾರ್?" ಅಂದರು ಅಂಕಲ್.

"ಹೌದ್ರಿ. ನಿಮ್ಮ ಆಶೀರ್ವಾದ ಇರಲಿ. ಏನರೆ ತೊಂದರಿ ಇದ್ರ ಹೇಳ್ರಿ."

ಮಾಮ ಮರ್ಯಾದೆಗೆ ಅಂದ ಮಾತು ಅದು. ಆದರೆ ನಮ್ಮ ಬೀದಿಗೆ ಕಾರ್ಪೊರೇಟರ್ ಅನ್ನೋ ಪ್ರಾಣಿ ಕಣ್ಣಿಗೆ ಬಿದ್ದು ಎಷ್ಟೋ ವರ್ಷ ಆಗಿತ್ತು. ಬೆಂಗಳೂರಲ್ಲಿ ಆ ಎಲೆಕ್ಷನ್ನೇ ನಡೆದಿರಲಿಲ್ಲ. 'ತೊಂದರೆ ಹೇಳಿ' ಅಂತ ಒಬ್ಬ ಮನುಷ್ಯ ಬಾಯಿ ಬಿಟ್ಟು ಕೇಳಿದ್ದೇ ಸಾಕಾಯ್ತು. ಅಂಕಲ್ ಮೋರಿ ತೋರಿಸೋಕೆ ಕರ್ಕೊಂಡು ಹೋದರು. ಎದುರು ಮನೆ ಆಂಟಿ ಕಸದ ಗಾಡಿ ಬರಲ್ಲ ಅಂದರು. ಇನ್ನೊಬ್ಬರು ಬೀದಿ ದೀಪ ಅಂದರು. ಮಾಮ ಎಲ್ಲರಿಗೂ "ಆಗಲಿ ತಾಯಿ, ನೋಡೂಣು, ಮಾಡೂಣು" ಅಂದ.

ಮಾಮ ಊರಿಗೆ ಹೋಗಿ ತಿಂಗಳಾದ ಮೇಲೂ ಆಂಟಿ ನನ್ನ ತಡೆದು ಕೇಳ್ತಾರೆ: "ನಿಮ್ ಕಾರ್ಪೊರೇಟರ್ರು ಮತ್ತೆ ಯಾವಾಗ್ ಬರ್ತಾರಪ್ಪ? ಪಾಪ, ಒಳ್ಳೆ ಜನ. ಕೆಲ್ಸ ಮಾಡ್ಲಿಲ್ಲ, ಆದ್ರೆ ಕೇಳ್ಸ್ಕೊಂಡ್ರು."

ಸ್ಕ್ರೀನ್ ಮೇಲಿನ ಆಣೆ

ನಮ್ಮ ಕಡೆ ಓಟು ಕೊಡ್ತೀನಿ ಅಂದರೆ ಸಾಲದು, ದೇವರ ಭಂಡಾರ, ಅಂದರೆ ಗುಡಿಯ ಅರಿಶಿನ ಪುಡಿ, ಮುಟ್ಟಿ ಆಣೆ ಮಾಡಬೇಕು. ಮಾಮ ಚೀಟಿಯಲ್ಲಿ ಭಂಡಾರ ಕಟ್ಟಿಕೊಂಡೇ ಬಂದಿದ್ದ. ನಾನು ಮುಟ್ಟಿದೆ. ನನ್ನ ರೂಮ್‌ಮೇಟ್, ಅವನೂ ನಮ್ಮ ವಾರ್ಡಿನವನೇ, ಮಾತ್ರ ಕೈ ಹಿಂದೆ ಕಟ್ಟಿಕೊಂಡ.

"ಕಾಕಾ, ತಪ್ಪ ತಿಳಕೋಬ್ಯಾಡ್ರಿ. ನಾ ಆಗಲೇ ನಿಮ್ಮ ಎದುರಾಳಿಗೆ ಆಣಿ ಮಾಡೀನಿ."

"ಅವ ಬೆಂಗಳೂರಿಗೆ ಬಂದೇ ಇಲ್ಲಲೋ!"

"ವಿಡಿಯೋ ಕಾಲ್ ಮಾಡಿದ್ನರಿ. ಭಂಡಾರ ತೋರಿಸಿ, ಸ್ಕ್ರೀನ್ ಮ್ಯಾಲ ಕೈ ಇಡು ಅಂದ. ಇಟ್ಟೆ."

ಮಾಮ ಮೊಬೈಲ್ ಆಣಿ ನಡಿಯೂದಿಲ್ಲ ಅಂದ. ಇವನು ದೇವರ ಮಾತು, ನನಗೆ ಭಯ ಅಂದ. ಕೊನೆಗೆ ಊರ ಪೂಜಾರಿಗೇ ಫೋನ್ ಹಚ್ಚಿದೆವು. ಪೂಜಾರಿ ಎಲ್ಲ ಕೇಳಿಸಿಕೊಂಡು, "ಭಂಡಾರ ಸ್ವಚ್ಛ ಕಾಣಸ್ತಿತ್ತೇನು?" ಅಂತ ಕೇಳಿದ.

"ಇಲ್ರಿ ಅಜ್ಜಾರ, ನಡುವ ನೆಟ್ ಕಟ್ ಆತು. ಬರೇ ಚಕ್ರ ಗುಂಡಗ ತಿರಗಾಕತ್ತಿತ್ತು."

"ಹಂಗಾದ್ರ ಅದು ದೇವರಿಗೆ ಮುಟ್ಟಿಲ್ಲ. ನೀ ಬಿಡುಗಡಿ," ಅಂದ ಪೂಜಾರಿ.

ಪುಕ್ಕಟೆ ಬಸ್ಸು

ಮಾಮ ವಾರವಿಡೀ ಬಿಟಿಎಂ, ಜೆಪಿ ನಗರ, ಪುಟ್ಟೇನಹಳ್ಳಿ ಅಂತ ಗಲ್ಲಿ ಗಲ್ಲಿ ಹುಡುಕಿ ಓಟು ಕೂಡಿಸಿದ. ನಮ್ಮನ್ನೆಲ್ಲ ಕರ್ಕೊಂಡು ಹೋಗೋಕೆ ಬಸ್ಸು ಮಾಡಿದ. ಬಸ್ಸು ತುಂಬಿದ್ದು ನೋಡಿ ಅವನ ಮುಖ ಅರಳಿತು. "ನೋಡಲೇ, ಇಷ್ಟು ಮಂದಿ ಇದ್ದ ಮ್ಯಾಲ ಗೆದ್ದಂಗ," ಅಂದ.

ಬೆಳಗ್ಗೆ ದಾವಣಗೆರೆಯಲ್ಲಿ ಚಹಾಕ್ಕೆ ನಿಂತಾಗ ಮುಂದಿನ ಸೀಟುಗಳ ಜನ ಚೀಲ ಸಮೇತ ಇಳಿದರು. ಮಾಮ ಗಾಬರಿಯಾದ. "ಎಲ್ಲಿಗೆ ಹೊಂಟ್ರಿ? ನಮ್ಮ ಊರು ಇನ್ನೂ ಮುಂದೈತ್ರಿ."

ಅವರಲ್ಲೊಬ್ಬ ಹಿರಿಯರು ಮಾಮನ ಕೈ ಹಿಡಿದುಕೊಂಡರು. "ನಮ್ಮೂರು ಇದೇ ಸಾರ್. ಪುಕ್ಕಟೆ ಬಸ್ ಅಂತ ಯಾರೋ ಅಂದರು, ಹತ್ತಿದ್ವಿ. ನಿಮ್ಮಂಥೋರು ಗೆಲ್ಲಬೇಕು ನೋಡಿ."

ಕೇಳದ ಓಟು

ಓಟು ಹಾಕಿ ನಾನು ರಜೆ ಮುಂದುವರಿಸಿದೆ, ಎಣಿಕೆ ದಿನದ ತನಕ ಮಾಮನ ಮನೆಯಲ್ಲೇ ಉಳಿದೆ. ಮಾಮ ಸೋತ. ಅದೂ ಒಂದೇ ಒಂದು ಓಟಿನಿಂದ.

ಮನೆಗೆ ಬಂದವನು ಜಗಲಿಯಲ್ಲಿ ಕುಸಿದು ಕೂತ. ನೋಡೋಕೆ ಆಗ್ತಿರಲಿಲ್ಲ. ನಾಳೆಯಿಂದ ಕಟ್ಟೆಯವರು ಏನೇನು ಅಂತಾರೋ ಅಂತ ನನಗೂ ಸಂಕಟ. ಸ್ವಲ್ಪ ಹೊತ್ತಿಗೆ ಮಾಮನ ದುಃಖ ಸಿಟ್ಟಾಯ್ತು. "ಬೆಂಗಳೂರಿನ ಮಂದೀನ ನಂಬಿ ಕೆಟ್ಟೆ. ನಿಮ್ಮೊಳಗ ಯಾವನೋ ಒಬ್ಬ ಕೈ ಕೊಟ್ಟ," ಅಂತ ನನ್ನ ಮೇಲೇ ಹರಿಹಾಯ್ದ.

ಮಾಮನ ಹೆಂಡತಿ, ನಮ್ಮ ಅತ್ತಿ, ಚಹಾ ತಂದು ಮುಂದಿಟ್ಟಳು. "ಹುಡುಗರನ್ನ ಯಾಕ ಬೈತೀರಿ? ಆ ಓಟು ನಂದು," ಅಂದಳು.

ಮಾಮನಿಗೆ ಅರ್ಥವೇ ಆಗಲಿಲ್ಲ. "ನಿಂದಂದ್ರ?"

"ನೀವು ಬೆಂಗಳೂರಿಗೆ ಹೋದಾಗ ನಿಮ್ಮ ಎದುರು ನಿಂತಾವ ಅಡಿಗಿಮನಿ ಬಾಗಲಕ್ಕ ಬಂದು, 'ಅಕ್ಕಾರ, ನಿಮ್ಮದೊಂದು ಓಟು ಬೇಕ್ರಿ' ಅಂತ ಕೈ ಮುಗಿದ. ಹೂಂ ಅಂದೆ. ಅಂದ ಮ್ಯಾಲ ಹಾಕಬೇಕಲ್ಲ."

"ಅಲ್ಲ, ನಾ ನಿನ್ನ ಗಂಡ..."

"ಗಂಡ ಖರೇನ್ರಿ. ಚಾ ಕೇಳಿದ್ರಿ, ಬುತ್ತಿ ಕೇಳಿದ್ರಿ, ಬಸ್ಸಿನ ಮಂದಿಗೆಲ್ಲ ರೊಟ್ಟಿ ಬಡಿ ಅಂದ್ರಿ," ಅಂದಳು ಅತ್ತಿ. "ಓಟು ಯಾವಾಗ ಕೇಳಿದ್ರಿ?"