ಕಡಲಿಲ್ಲದ ಊರಿಗೆ ಸುನಾಮಿ

ಕೆಲವು ಉದ್ಯೋಗಗಳನ್ನು ನೆಂಟರಿಗೆ ವಿವರಿಸಲು ಒಂದೇ ಮಾತು ಸಾಕು. ಡಾಕ್ಟರು ಎಂದರೆ ಮುಗಿಯಿತು, ಎದುರಿಗಿದ್ದವರು ಕೂಡಲೇ ತಮ್ಮ ಮಂಡಿನೋವಿನ ಕಥೆ ತೆಗೆಯುತ್ತಾರೆ. ಮೇಷ್ಟ್ರು ಎಂದರೂ ಆಯಿತು. ನನ್ನ ಉದ್ಯೋಗ ಅಂಥದ್ದಲ್ಲ. "ನೀವೇನಮ್ಮಾ ಕೆಲಸ ಮಾಡೋದು?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ. ಮೈಸೂರಿನಲ್ಲಿ ಹುಟ್ಟಿದ ನಾನು ಕ್ವಾಲಾಲಂಪುರದಲ್ಲಿ ಕುಳಿತು ಜಪಾನಿನ ಜಿಲ್ಲೆಗಳ ಟಿವಿ ಪ್ರಸಾರ ಸರಿಯಾಗಿ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತೇನೆ. ಜಪಾನಿ ಭಾಷೆ ನನಗೆ ಬರುವುದಿಲ್ಲ. ಇಷ್ಟು ಕೇಳಿದ ಮೇಲೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಪಕ್ಕದಲ್ಲಿರುವ ನನ್ನ ಗಂಡನ ಕಡೆ ಅನುಕಂಪದಿಂದ ನೋಡುತ್ತಾರೆ.

ವಿಷಯ ಅಷ್ಟೇನೂ ಕಗ್ಗಂಟಲ್ಲ. ಜಪಾನಿನಲ್ಲಿ ಒಂದೊಂದು ಜಿಲ್ಲೆಗೂ ಅದರದೇ ಡಿಜಿಟಲ್ ಪ್ರಸಾರ, ಅದರದೇ ಸುದ್ದಿ, ಅದರದೇ ಮೂಲಂಗಿ ಉಪ್ಪಿನಕಾಯಿಯ ಜಾಹೀರಾತು. ಅಲ್ಲಿ ರೆಕಾರ್ಡ್ ಮಾಡಿದ ಪ್ರಸಾರವನ್ನು ನಮ್ಮ ಕಂಪನಿಗೆ ಕಳಿಸುತ್ತಾರೆ. ನಾವು ಅದನ್ನು ಒಂದು ಸಣ್ಣ ಡಬ್ಬಿಗೆ ತುಂಬಿ, ಕೇಬಲ್ ಮೂಲಕ ಟಿವಿಗೆ ಬಿಡುತ್ತೇವೆ. ಟಿವಿ ಪಾಪ ತಾನು ಜಪಾನಿನಲ್ಲೇ ಇದ್ದೇನೆ ಎಂದು ನಂಬುತ್ತದೆ. ಈಗ ಹೊಸ ಸೌಲಭ್ಯಗಳೂ ಬಂದಿವೆ. ರಿಮೋಟಿನ ಬಣ್ಣದ ಗುಂಡಿ ಒತ್ತಿದರೆ ನಿಮ್ಮ ಬೀದಿಯ ಹವಾಮಾನ ತೋರಿಸುತ್ತದೆ. ಎಲ್ಲಕ್ಕಿಂತ ದೊಡ್ಡದು ತುರ್ತು ಎಚ್ಚರಿಕೆ. ಭೂಕಂಪವೋ ಸುನಾಮಿಯೋ ಬರುವಂತಿದ್ದರೆ, ಆರಿಸಿಟ್ಟ ಟಿವಿ ತಾನಾಗಿ ಎದ್ದು ಕೂಗಿಕೊಳ್ಳುತ್ತದೆ. ಆದರೆ ಯಾವ ಜಿಲ್ಲೆಗೆ ಅಪಾಯವಿದೆಯೋ ಆ ಜಿಲ್ಲೆಯ ಟಿವಿ ಮಾತ್ರ ಏಳಬೇಕು, ಉಳಿದವು ಸುಮ್ಮನೆ ಮಲಗಿರಬೇಕು.

ಲ್ಯಾಬಿನಲ್ಲಿ ಟಿವಿಗಳು ನೆಂಟರ ಮುಂದಿನ ಮಕ್ಕಳ ಹಾಗೆ ಬಹಳ ಸಭ್ಯವಾಗಿರುತ್ತವೆ. ನಿಜ ಬಣ್ಣ ಗೊತ್ತಾಗಬೇಕಾದರೆ ಮನೆಯಲ್ಲಿಟ್ಟು ನೋಡಬೇಕು ಎಂದು ನಮ್ಮ ಮ್ಯಾನೇಜರ್ ಹೇಳಿದರು. ಹಾಗೆ ಒಂದು ಟಿವಿ, ಒಂದು ಡಬ್ಬಿ ಮಾಂಟ್ ಕಿಯಾರಾದ ನಮ್ಮ ಫ್ಲ್ಯಾಟಿಗೆ ಬಂದವು. ಡಬ್ಬಿಯಲ್ಲಿದ್ದದ್ದು ನಾಗಾನೋ ಎಂಬ ಜಿಲ್ಲೆಯ ಒಂದು ವಾರದ ಪ್ರಸಾರ. ಸುತ್ತಲೂ ಬೆಟ್ಟ, ಹಿಮ, ಕಡಲಿನ ಸುಳಿವೇ ಇಲ್ಲದ ಊರು. ವಾರ ಮುಗಿದರೆ ಅದೇ ವಾರ ಮತ್ತೆ ಮೊದಲಿನಿಂದ.

ಅದೇ ಸಮಯಕ್ಕೆ ಮೈಸೂರಿನಿಂದ ನಮ್ಮ ಅತ್ತೆ ಶಾರದಮ್ಮನವರೂ ಬಂದಿಳಿದರು. ನನ್ನ ಗಂಡ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ವಾರದ ಕೊನೆಗೆ ಮಾತ್ರ ಮನೆಗೆ ಬರುವವರು. ಮಗಳು ನಿಧಿ ಬೆಳಿಗ್ಗೆ ಸ್ಕೂಲಿಗೆ, ನಾನು ಆಫೀಸಿಗೆ. ಅತ್ತೆಗೆ ಉಳಿದ ಸಂಗಾತಿ ಆ ಟಿವಿಯೊಂದೇ. ಮೊದಲ ದಿನ "ಏನೇ ಇದು, ಒಂದಕ್ಷರ ಅರ್ಥವಾಗಲ್ಲ" ಎಂದರು. ಎರಡನೇ ವಾರಕ್ಕೆ ನನಗೇ ವಿವರಿಸತೊಡಗಿದರು. "ಈ ಹುಡುಗಿ ಛತ್ರಿ ಹಿಡಿದಳು ಅಂದ್ರೆ ಮಧ್ಯಾಹ್ನ ಮಳೆ ಅಂತ ಲೆಕ್ಕ. ಬಟ್ಟೆ ಒಳಗೆ ತಂದುಬಿಡು." ಆ ಹುಡುಗಿ ಹೇಳುತ್ತಿದ್ದದ್ದು ನಾಗಾನೋದ ಹಳೆಯ ಹಿಮದ ವಿಚಾರ. ಆದರೆ ಕ್ವಾಲಾಲಂಪುರದಲ್ಲಿ ಹೆಚ್ಚುಕಮ್ಮಿ ಎಲ್ಲ ಮಧ್ಯಾಹ್ನವೂ ಮಳೆಯೇ. ಹಾಗಾಗಿ ಅತ್ತೆಯ ಭವಿಷ್ಯ ಒಂದು ದಿನವೂ ಸುಳ್ಳಾಗಲಿಲ್ಲ. ಎದುರು ಮನೆಯ ಲೆಚ್ಚುಮಿ ಅಕ್ಕ ಬಟ್ಟೆ ಒಣಹಾಕುವ ಮೊದಲು ಅತ್ತೆಯನ್ನು ಕೇಳಿಕೊಂಡು ಹೋಗುವಂತಾಯಿತು. ಟಿವಿಯಲ್ಲಿ ಕಂಡ ಅಜ್ಜಿಯೊಬ್ಬಳ ಉಪ್ಪಿನಕಾಯಿ ಮಾಡಲೆಂದು ನನ್ನನ್ನು ಬ್ರಿಕ್‌ಫೀಲ್ಡ್ಸ್‌ವರೆಗೆ ಓಡಿಸಿ ಬಿಳಿ ಮೂಲಂಗಿ ತರಿಸಿದರು. ಆ ಉಪ್ಪಿನಕಾಯಿಯ ಬಗ್ಗೆ ಇಲ್ಲಿ ಹೆಚ್ಚು ಹೇಳುವುದು ಬೇಡ, ಮನೆಯ ಮರ್ಯಾದೆಯ ಪ್ರಶ್ನೆ.

"ಅಜ್ಜಿ, it's recorded lah! Same week again and again," ಎಂದು ನಿಧಿ ಒಮ್ಮೆ ಸತ್ಯ ಬಯಲು ಮಾಡಿದಳು.

ಅತ್ತೆ ಒಪ್ಪಲಿಲ್ಲ. "ಅದೇ ಸೇತುವೇನ ಅದೇ ಅಧ್ಯಕ್ಷ ಪ್ರತಿ ಮಂಗಳವಾರ ಉದ್ಘಾಟನೆ ಮಾಡ್ತಾನೆ, ನಂಗೂ ಕಾಣುತ್ತೆ. ರಾಜಕೀಯ ಅಂದ್ಮೇಲೆ ಅಷ್ಟೇ. ನಮ್ಮೂರಲ್ಲೂ ಹಾಗೇ ಅಲ್ವೇನೇ ಸುಮಾ?" ಎಂದರು. ನಾನು ಬಟ್ಟೆ ಒಳಗೆ ತರಲು ಹೋದೆ.

ಹೀಗಿರುವಾಗ ಜಪಾನಿನ ಗ್ರಾಹಕ ಸಂಸ್ಥೆಯಿಂದ ಇಶಿದಾ ಎಂಬ ಹಿರಿಯ ಅಧಿಕಾರಿ ಬಂದರು. ನಮ್ಮ ಕೆಲಸ ಅವರಿಗೆ ಒಪ್ಪಿಗೆಯಾದರೆ ಮುಂದಿನ ಜಿಲ್ಲೆಗಳೂ ನಮಗೇ. ಇಲ್ಲದಿದ್ದರೆ ನಮ್ಮ ತಂಡವನ್ನೇ ಮುಚ್ಚುವ ಮಾತಿತ್ತು. ಮಾತು ಕಡಿಮೆ, ತಲೆಬಾಗುವುದು ಜಾಸ್ತಿ, ನಗು ಕಂಡವರಿಲ್ಲ ಎಂಬಂಥ ಮನುಷ್ಯ. ಅವರು ಒಂದು ಮನೆಯಲ್ಲಿ ಪರೀಕ್ಷೆ ನೋಡಬೇಕೆಂದರು. ಮ್ಯಾನೇಜರ್ ನನ್ನ ಮನೆ ತೋರಿಸಿದರು. ಪರೀಕ್ಷೆ ಇಷ್ಟೇ: ದೂರದ ಕರಾವಳಿ ಜಿಲ್ಲೆಯೊಂದರ ಹೆಸರಿನಲ್ಲಿ ಡಬ್ಬಿಯಿಂದ ನಕಲಿ ಸುನಾಮಿ ಎಚ್ಚರಿಕೆ ಹೋಗುತ್ತದೆ, ಬೆಟ್ಟದ ನಾಗಾನೋದಲ್ಲಿರುವ ನಮ್ಮ ಟಿವಿ ಅದನ್ನು ಕಿವಿಗೇ ಹಾಕಿಕೊಳ್ಳದೆ ಮಲಗಿರಬೇಕು. ಎಚ್ಚರಿಕೆ ಮಧ್ಯಾಹ್ನ ಹೋಗಲಿ ಎಂದು ಬೆಳಿಗ್ಗೆಯೇ ಡಬ್ಬಿಗೆ ಟೈಮರ್ ಇಟ್ಟು, ಟಿವಿ ಆರಿಸಿ ಹೊರಟೆ. ಏನೂ ಆಗದಿರುವುದೇ ಪರೀಕ್ಷೆಯಾದ್ದರಿಂದ ಅತ್ತೆಗೆ ಹೇಳುವುದೇನಿದೆ ಎಂದುಕೊಂಡೆ.

ಇಶಿದಾ ಅವರನ್ನು ಕರೆದುಕೊಂಡು ಹೊತ್ತಿಗೆ ಸರಿಯಾಗಿ ಮನೆ ತಲುಪಬೇಕಿತ್ತು. ದಾರಿಯಲ್ಲಿ ಮಾಮಾಕ್ ಎಂದು ಇಲ್ಲಿ ಕರೆಯುವ ತಮಿಳು ಮುಸ್ಲಿಮರ ಚಹಾ ಅಂಗಡಿಯಲ್ಲಿ ಒಬ್ಬ ಚಹಾವನ್ನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಎತ್ತಿ ಸುರಿಯುವುದನ್ನು ಕಂಡು ಅವರು ನಿಂತುಬಿಟ್ಟರು. ಒಂದು ಹನಿಯೂ ಚೆಲ್ಲದಿರುವುದನ್ನು ಪರೀಕ್ಷಕರ ಕಣ್ಣಿಂದ ನೋಡಿದರು. ಇನ್ನೊಮ್ಮೆ ಎಂದರು. ಮತ್ತೂ ಒಮ್ಮೆ ಎಂದರು. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ನಾವು ಬಂದಾಗ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗಾರ್ಡ್ ಇರಲಿಲ್ಲ. ಲಾಬಿಯಲ್ಲಿ ನರಪಿಳ್ಳೆ ಇರಲಿಲ್ಲ. ನಮ್ಮ ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಒಳಗೆ ಟಿವಿ ಕೆಂಪು ಕೆಂಪಾಗಿ ಹೊಳೆಯುತ್ತಾ ಬಡಿದುಕೊಳ್ಳುತ್ತಿತ್ತು. ಇಶಿದಾ ಅವರ ಮುಖ ಬಿಳಚಿಕೊಂಡಿತು. ನನ್ನ ಮುಖ ನನಗೆ ಕಾಣಲಿಲ್ಲ, ಅಷ್ಟು ಪುಣ್ಯ. "ಅತ್ತೇ!" ಎಂದು ಕೂಗುತ್ತಾ ಮೆಟ್ಟಿಲ ಕಡೆ ಓಡಿದೆ. ಮೇಲಿನಿಂದ ಗದ್ದಲ ಕೇಳಿಸುತ್ತಿತ್ತು.

ನಡೆದದ್ದು ಇದು. ಅತ್ತೆ ಊಟ ಮುಗಿಸಿ ಕಣ್ಣು ಮುಚ್ಚಿದ್ದರಂತೆ. ಆರಿದ್ದ ಟಿವಿ ಘಂಟೆ ಬಾರಿಸುತ್ತಾ ಎದ್ದಿತು. ಸುದ್ದಿ ಓದುವವನು "ತ್ಸುನಾಮಿ! ತ್ಸುನಾಮಿ!" ಎಂದು ಕಿರುಚಿದ. ಇಡೀ ಜಪಾನಿ ಭಾಷೆಯಲ್ಲಿ ಅತ್ತೆಗೆ ನಿಜವಾಗಿ ಗೊತ್ತಿದ್ದ ಪದ ಅದೊಂದೇ. ಆಮೇಲೆ ಅವನು "ನಿಗೆತೆ! ನಿಗೆತೆ!" ಎಂದ. ಓಡಿ ಎಂದು ಅದರ ಅರ್ಥವಂತೆ. ಅತ್ತೆಗೆ ಅದು "ನೆಗೆಯುತ್ತೆ, ನೆಗೆಯುತ್ತೆ" ಎಂದು ಕೇಳಿಸಿತು. ನೀರು ಮುಗಿಲೆತ್ತರ ನೆಗೆಯುತ್ತೆ ಎಂದು ಅವನೇ ಶುದ್ಧ ಕನ್ನಡದಲ್ಲಿ ಹೇಳುತ್ತಿರುವಾಗ ಇನ್ನು ತಡಮಾಡುವುದುಂಟೇ? ಟಿವಿಯಲ್ಲಿ ಹೆಲ್ಮೆಟ್ ಹಾಕಿದ್ದವರನ್ನು ಕಂಡು, ತಲೆಗೆ ಅನ್ನ ಬಸಿಯುವ ಪಾತ್ರೆ ಮಗುಚಿಕೊಂಡು ಹೊರಬಂದು, ಕಾರಿಡಾರಿನ ಬಾಗಿಲುಗಳನ್ನೆಲ್ಲ ಸೌಟಿನಿಂದ ಬಡಿದರು.

"ಎನ್ನ ಆಚ್ಚು ಅಮ್ಮಾ?" ಎನ್ನುತ್ತಾ ಬಂದ ಲೆಚ್ಚುಮಿ ಅಕ್ಕನಿಗೆ "ಸುನಾಮಿ! ಮೇಲೆ ನಡೀರಿ!" ಎಂದರು. ಮಳೆಯ ವಿಷಯದಲ್ಲಿ ಒಮ್ಮೆಯೂ ತಪ್ಪದವರ ಮಾತು. ಲೆಚ್ಚುಮಿ ಅಕ್ಕ ಮರುಪ್ರಶ್ನೆ ಮಾಡದೆ ಒಲೆ ಆರಿಸಿ, ಆಗಷ್ಟೇ ಕರಿದ ವಡೆಯ ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅವರ ಹಿಂದೆ ಇಡೀ ಕಾರಿಡಾರು. ಅಷ್ಟರಲ್ಲಿ ಗಾರ್ಡ್ ತಾಪಾ ಓಡಿಬಂದ. ಅವನಿಗೆ ಕಲಿಸಿದ್ದು ಒಂದೇ ಪಾಠ, ಏನೇ ಆದರೂ ಜನರನ್ನು ಕೆಳಗಿಳಿಸಬೇಕು. ಅವನು "ನೀಚೇ, ನೀಚೇ!" ಎಂದು ಕೂಗಿದ. "ನೀಚ ಅಂತೀಯೇನೋ ನನ್ನ?" ಎಂದು ಅತ್ತೆ ಸೌಟು ಎತ್ತಿದರು. ಮೇಲೆ ಹತ್ತುವವರು, ಕೆಳಗೆ ಇಳಿಯುವವರು ಮೆಟ್ಟಿಲಲ್ಲಿ ಎದುರುಬದುರಾಗಿ ಸಿಕ್ಕಿಕೊಂಡರು. ಕೊನೆಗೆ ತಾಪಾ ಸೋತು, ವಡೆ ಪಾತ್ರೆ ತಾನೇ ಹೊತ್ತು, ಎಲ್ಲರ ಜೊತೆ ತಾರಸಿ ಸೇರಿದ. ಸಮುದ್ರ ಅಲ್ಲಿಂದ ಎಷ್ಟು ದೂರ ಎಂದು ಯಾರಿಗೂ ಹೊಳೆಯಲಿಲ್ಲ.

ನಾನೂ ಇಶಿದಾ ಅವರೂ ಏದುಸಿರು ಬಿಡುತ್ತಾ ತಾರಸಿ ತಲುಪಿದಾಗ ಸುನಾಮಿಯ ಭಯ ಮುಗಿದು ಮಾಕಾನ್, ಅಂದರೆ ತಿನ್ನುವ ಕಾರ್ಯಕ್ರಮ, ಶುರುವಾಗಿತ್ತು. ಯಾರೋ ಅಂಗಡಿಯಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದಿದ್ದ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನದ ಪೊಟ್ಟಣಗಳು ಬಿಚ್ಚಿಕೊಂಡಿದ್ದವು. ನಡುವೆ ಪಾತ್ರೆ ಕಿರೀಟದ ಅತ್ತೆ, ಕೈಯಲ್ಲಿ ವಡೆ. ನಾನು ಡಬ್ಬಿ, ಟೈಮರ್, ಕರಾವಳಿ ಎಲ್ಲ ವಿವರಿಸಿ ಸುಳ್ಳು ಎಚ್ಚರಿಕೆ ಎಂದೆ. ಯಾರೂ ಬೈಯಲಿಲ್ಲ. ಅತ್ತೆಯ ಮುಖ ಮಾತ್ರ ಸಣ್ಣಗಾಯಿತು. "ಅಷ್ಟು ಜನರನ್ನ ಸುಮ್ಮನೆ ಹೆದರಿಸಿಬಿಟ್ನಲ್ಲೇ," ಎಂದು ಮೆಲ್ಲಗೆ ಪಾತ್ರೆ ತೆಗೆದರು. ಆಗ ನನಗೆ ಅಳುವೇ ಬಂತು. ನನ್ನ ಕೆಲಸವೂ ಹೋಯಿತು, ಅತ್ತೆಯ ಮಾನವೂ ಹೋಯಿತು.

ಇಶಿದಾ ಮುಂದೆ ಬಂದು ಅತ್ತೆಯೆದುರು ಸೊಂಟದವರೆಗೆ ಬಾಗಿದರು. ಆಮೇಲೆ ತಮ್ಮ ತಡವರಿಸುವ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿದೆ. ಭಾಷೆ ತಿಳಿಯದಿದ್ದರೂ, ಎಚ್ಚರಿಕೆ ಕೇಳಿ ನೆರೆಯವರ ಬಾಗಿಲು ಬಡಿದ ಹೆಂಗಸನ್ನು ತಾನು ಈವರೆಗೆ ನೋಡಿಲ್ಲ, ಜನ ಹೀಗೆ ಒಬ್ಬರನ್ನೊಬ್ಬರು ಎಬ್ಬಿಸಲೆಂದೇ ತಾವು ಈ ಎಚ್ಚರಿಕೆಯ ಕೆಲಸ ಮಾಡುವುದು. ನಾಗಾನೋದ ಟಿವಿ ಏಳಬಾರದಿತ್ತು, ಎದ್ದಿದೆ. ಲ್ಯಾಬಿನಲ್ಲಿ ಅಡಗಿದ್ದ ದೋಷ ಈ ಮನೆಯಲ್ಲಿ ಸಿಕ್ಕಿತು. ಮುಂದಿನ ಜಿಲ್ಲೆಗಳ ಕೆಲಸವೂ ಇಲ್ಲೇ ಆಗಲಿ.

"ಅಷ್ಟೆಲ್ಲ ಮಾತು ಯಾಕಂತೆ, ಒಂದು ವಡೆ ತಗೊಳೋಕೆ ಹೇಳು," ಎಂದರು ಅತ್ತೆ. ಇಶಿದಾ ತೆಗೆದುಕೊಂಡರು. ಕಚ್ಚಿದ ಮೇಲೆ ನಕ್ಕದ್ದನ್ನು ನಾವೆಲ್ಲ ಕಂಡೆವು.

ಅಂದಿನಿಂದ ನಾನು ತಂಡದಲ್ಲಿ ದೊಡ್ಡ ಮನುಷ್ಯಳಾದೆ. ಹೊಸಬರಿಗೆ ತುರ್ತು ಎಚ್ಚರಿಕೆಯ ಬಗ್ಗೆ ಪಾಠ ಹೇಳುವಷ್ಟು ಬೆಳೆದೆ. ಕೆಲವು ವಾರ ಕಳೆದು ಒಂದು ಬೆಳಿಗ್ಗೆ, ಮನೆಯಿಂದಲೇ ಕೆಲಸ ಮಾಡುತ್ತಾ ಆರಿಸಿಟ್ಟ ಟಿವಿಯ ಮುಂದೆ ಕುಳಿತಿದ್ದೆ. ಕಿಟಕಿಯ ಪರದೆ ಸಣ್ಣಗೆ ತೂಗಾಡಿತು. ಲೋಟದ ನೀರು ಅಲುಗಿತು. ಸುಮಾತ್ರಾ ಕಡೆ ಭೂಮಿ ನಡುಗಿದರೆ ಇಲ್ಲಿಯ ಎತ್ತರದ ಕಟ್ಟಡಗಳು ಹೀಗೆ ಓಲಾಡುವುದುಂಟು. ಕಾರಿಡಾರಿನಲ್ಲಿ ಓಡುವ ಸದ್ದು, ತಾಪಾನ ಕೂಗು. ನಾನು ಟಿವಿ ನೋಡಿದೆ. ಅದು ಮಲಗಿತ್ತು. ಕೇಬಲ್ ಸರಿಯಾಗಿದೆಯೇ ಎಂದು ನೋಡಿದೆ, ಇತ್ತು. ರಿಮೋಟಿನ ಸೆಲ್ ಬದಲಾಯಿಸಿದೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎದುರು ಮನೆಗೆ ಹೋಗಿದ್ದ ಅತ್ತೆ ಆಗಲೇ ಎಲ್ಲರ ಜೊತೆ ಕೆಳಗೆ ಇಳಿದು ಪಾರ್ಕಿಂಗಿನಲ್ಲಿ ನಿಂತಿದ್ದರು.

"ಎಲ್ಲಿದ್ದೀಯೇ? ಎಲ್ರೂ ಬಂದಾಯ್ತು, ನೀನೊಬ್ಬಳೇ ಇಲ್ಲ!"

"ಟಿವಿ ಇನ್ನೂ ಎದ್ದಿಲ್ಲ ಅತ್ತೆ, ಯಾಕೆ ಅಂತ ನೋಡ್ತಾ ಇದ್ದೀನಿ," ಎಂದೆ.



"ಅದು ಮಲಗಿರ್ಲಿ ಬಿಡಮ್ಮ," ಎಂದರು ಅತ್ತೆ. "ನೀನು ಎದ್ದು ಬಾ."