ಬೆರಕೆ ಸೊಪ್ಪಿನ ಮೇಲೆ ನಾನು ಬರೆದ ವರದಿ

ನಿವೃತ್ತನಾದ ಮೇಷ್ಟ್ರನ್ನು ನಮ್ಮ ಕಡೆಯ ಊರಿನವರು ಸುಮ್ಮನೆ ಕೂರಲು ಬಿಡುವುದಿಲ್ಲ. ಲಗ್ನಪತ್ರಿಕೆಯ ಕಾಗುಣಿತ ತಿದ್ದಬೇಕೇ, ಪಹಣಿ ತಿದ್ದುಪಡಿಗೆ ಅರ್ಜಿ ಬರೆಯಬೇಕೇ, 'ಮೇಷ್ಟ್ರಿದಾರಲ್ಲ, ಬರೀತಾರೆ' ಎಂದುಬಿಡುತ್ತಾರೆ. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೇ ಖುಷಿಯೇ. ಹೀಗಾಗಿ ಹುತ್ತೂರು ಹೋಬಳಿಯ ನಮ್ಮೂರ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಆದಾಗ, ದಾಖಲೆ ಪುಸ್ತಕ ಬರೆಯೋರು ಯಾರು ಎಂದು ಕೇಳುವ ಮೊದಲೇ ನಾನು ಕೆಮ್ಮಿ ಗಂಟಲು ಸರಿಮಾಡಿಕೊಂಡಿದ್ದೆ. ಕೋಲಾರದ ಕಾಲೇಜಿನಲ್ಲಿ ಅಷ್ಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನಿರುವಾಗ ಇನ್ಯಾರು ಬರೆಯಬೇಕು? ಊರಿನ ಗಿಡ ಮರ, ಹಕ್ಕಿ ಹುಳು, ಬಿತ್ತನೆ ಬೀಜ ಎಲ್ಲವನ್ನೂ ಬರೆದು, ಯಾವುದನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಯೋಜನೆಯನ್ನೂ ಹಾಕಿಕೊಡಬೇಕಿತ್ತು.

ಮೂರೇ ದಿನದಲ್ಲಿ ಮುಗಿಸಿದೆ. ಸ್ಕೂಟರಿನಿಂದ ಇಳಿಯದೆ ಗುಂಡುತೋಪಿನ ಹೊಂಗೆ, ಆಲ, ಬೇವು ಎಲ್ಲ ಎಣಿಸಿಬಿಟ್ಟೆ. ಕೆರೆ ಕೋಡಿಯ ಕೆಳಗಿನ ಅರ್ಧ ಎಕರೆ ಜೌಗಿನ ಬಳಿ ಬಂದಾಗ ಮಾತ್ರ ಇಳಿಯಬೇಕಾದೀತು ಅನ್ನಿಸಿತು, ಆದರೆ ಕೆಸರು, ಹೊಸ ಚಪ್ಪಲಿ. 'ಪಾಳು ಜಾಗ. ಬರೀ ಕಳೆ. ಸಮ ಮಾಡಿ ಹುಲ್ಲುಹಾಸು ಹಾಕಿದರೆ ಒಳ್ಳೆಯ ಉದ್ಯಾನವಾಗುತ್ತದೆ' ಎಂದು ಬರೆದೆ. ದಿನಾ ನಡೀರಿ ಎಂದು ಡಾಕ್ಟರು ಹೇಳಿದ್ದರು, ನಡೆಯೋದಕ್ಕೆ ನನಗೊಂದು ಜಾಗ ಬೇಕಿತ್ತು. ಅಧ್ಯಕ್ಷರಿಗೂ ಹಿಡಿಸಿತು. ಸೋಮವಾರ ಸಭೆಯಲ್ಲಿ ಒಪ್ಪಿಗೆ, ಮಂಗಳವಾರ ಜೆಸಿಬಿ ಎಂದು ಮಾತಾಯಿತು.

ಆ ವರದಿಯನ್ನು ಮನೆಯ ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ್ದೇ ನಾನು ಮಾಡಿದ ತಪ್ಪು. ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ ನಾರಾಯಣಮ್ಮ, ನಮ್ಮ ಜೊತೆಯಲ್ಲೇ ಇದ್ದಾರೆ. ಮುಳಬಾಗಿಲಿನ ಆಚೆ ಗಡಿಯವರು, ಸಿಟ್ಟು ಬಂದರೆ ತೆಲುಗಿಗೆ ತಿರುಗುತ್ತಾರೆ. 'ಏಮಿ ಚದುವೋ ಏಮೋ' ಎಂದು ಗೊಣಗಿಕೊಂಡು ಒಳಗೆ ಹೋದರು. ಎಂಥ ಓದೋ ಏನೋ, ಅಂತ. ಮಧ್ಯಾಹ್ನ ಊಟಕ್ಕೆ ಕೂತರೆ ಬೆರಕೆ ಸೊಪ್ಪಿನ ಬಸ್ಸಾರಿನ ಘಮ ಬೀದಿಗೆಲ್ಲ ಹೊಡೆಯುತ್ತಿದೆ, ನನ್ನ ತಟ್ಟೆಯಲ್ಲಿ ಮಾತ್ರ ಮುದ್ದೆ ಮತ್ತು ನೀರು ಮಜ್ಜಿಗೆ. 'ಸಾರು?' ಎಂದೆ. 'ಅಯ್ಯೋ ಅಳಿಯಂದ್ರೇ, ಅದು ಕೋಡಿ ಕೆಳಗಿಂದು. ಬರೀ ಕಳೆ. ನಿಮ್ಮಂಥೋರ ತಟ್ಟೆಗೆ ಹಾಕಕ್ಕಾಗುತ್ತಾ?' ಅಡಿಗೆಮನೆಯಲ್ಲಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಸಾರಿಲ್ಲದ ಮುದ್ದೆ ನುಂಗುವ ಸಂಕಟ ಮುದ್ದೆ ಉಣ್ಣುವವರಿಗೇ ಗೊತ್ತು.

ನಾಲ್ಕನೆಯ ದಿನ ಶರಣಾಗತನಾಗಿ, 'ಅತ್ತೆ, ನಾನೂ ಬರ್ತೀನಿ ಸೊಪ್ಪಿಗೆ' ಎಂದೆ. ಚಪ್ಪಲಿ ಬಿಟ್ಟು ಕೆಸರಿಗಿಳಿದೆ. ಅವರು ಬಗ್ಗಿದ ಕಡೆಯೆಲ್ಲ ಒಂದೊಂದು ಹೆಸರು: ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ, ಒಂದೆಲಗ. ಇದು ತಂಪು, ಇದು ಬಾಣಂತಿಗೆ, ಇದು ಒಂದನ್ನೇ ಬೇಯಿಸಿದರೆ ಕಹಿ, ನಾಲ್ಕರ ಜೊತೆ ಸೇರಿದರೆ ರುಚಿ. ನಾನು ಕಾಲೇಜಿನ ಹಳೇ ಚಾಳಿಯಲ್ಲಿ ಒಂದು ಗಿಡವನ್ನು ಬೇರು ಸಮೇತ ಕಿತ್ತು ಮೇಲೆತ್ತಿ ನೋಡಿದೆ. ಪಟ್ಟಂತ ಕೈಗೆ ಏಟು ಬಿತ್ತು. 'ಬೇರು ಯಾಕೆ ಕೀಳ್ತೀರ? ತುದಿ ಚಿವುಟ್ಬೇಕು. ಹೂವಿಗೆ ಬಂದಿದ್ದು ಮುಟ್ಬಾರ್ದು, ಬೀಜ ಬೀಳ್ಬೇಕಲ್ಲ. ಇವತ್ತು ಈ ಕಡೆ ಕಿತ್ತರೆ ಇನ್ನೆಂಟು ದಿನ ಈ ಕಡೆ ತಲೆ ಹಾಕಬಾರ್ದು.' ಯಾರು ಹೇಳಿಕೊಟ್ಟಿದ್ದು ಎಂದೆ. 'ಮಾ ಅಮ್ಮ' ಎಂದರು, ನಮ್ಮಮ್ಮ ಅಂತ. ನಾನು ಆರು ಪುಟ ತುಂಬಿಸಿದ್ದ ಸಂರಕ್ಷಣಾ ಯೋಜನೆ ಅವರ ಆ ನಾಲ್ಕು ಮಾತಿನಲ್ಲೇ ಮುಗಿದುಹೋಗಿತ್ತು. ಆಮೇಲೆ ಅವರು ಮಡಿಲಿನ ಸೊಪ್ಪು ಸರಿಮಾಡಿಕೊಳ್ಳುತ್ತಾ, ನನ್ನ ಮುಖ ನೋಡದೆ, 'ಹೊಲ ತೋಟದಲ್ಲೆಲ್ಲ ಕಳೆಗೆ ಔಷಧಿ ಹೊಡೀತಾರೆ. ಇದೊಂದೇ ಜಾಗ ಉಳ್ಕೊಂಡಿರೋದು. ಇದೂ ಹೋದ್ರೆ ನಾವು ಎಲ್ಲಿಗೆ ಹೋಗೋಣ?' ಎಂದರು. ನನಗೆ ನಿಜವಾಗಿ ನಾಚಿಕೆಯಾಯಿತು.

ಸೋಮವಾರ ಸಭೆಯಲ್ಲಿ ಎದ್ದು ನಿಂತು, ಕೋಡಿ ಜಾಗದ ವರದಿ ಸರಿಯಿಲ್ಲ ಎಂದೆ. 'ಏನ್ ಮೇಷ್ಟ್ರೇ, ನೀವೇ ಬರ್ದಿದ್ದಲ್ವಾ?' ಎಂದರು ಅಧ್ಯಕ್ಷರು. 'ನಾನೇ. ತಪ್ಪು ಬರೆದಿದ್ದೀನಿ' ಎಂದೆ. ಪಾಠ ಮಾಡಿದ ಅಷ್ಟೂ ವರ್ಷದಲ್ಲಿ ಬಾಯಿಗೆ ಬಾರದ ಮಾತು ಅದು, ಹೇಳಿದ ಮೇಲೆ ಎದೆ ಹಗುರಾಯಿತು. ನನ್ನ ಹೆಂಡತಿಯ ಜೊತೆ ಹಿಂದೆ ಕೂತಿದ್ದ ಅತ್ತೆ ಮುಂದೆ ಬಂದು, ಬೆಳಿಗ್ಗೆ ಚಿವುಟಿ ತಂದಿದ್ದ ಮಡಿಲಿನ ಸೊಪ್ಪನ್ನೆಲ್ಲ ಮೇಜಿನ ಮೇಲೆ ಸುರಿದರು. ಹಿಂದೆ ಕೂತಿದ್ದ ಹೆಂಗಸರೆಲ್ಲ ಎದ್ದು ಬಂದು, 'ಇದು ಗೋಣಿ ಕಣೇ', 'ಅಯ್ಯೋ, ಇದು ಇನ್ನೂ ಸಿಗುತ್ತಾ?' ಎಂದು ಸಭೆಯನ್ನೇ ಸಂತೆ ಮಾಡಿಬಿಟ್ಟರು. ಅಧ್ಯಕ್ಷರು ಒಂದು ಕುಡಿ ಎತ್ತಿ ಮೂಸಿ, 'ನಮ್ಮವ್ವ ಇದರಲ್ಲಿ ಸಾರು ಮಾಡ್ತಿದ್ಲು' ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ಉದ್ಯಾನವನ್ನು ಶಾಲೆಯ ಪಕ್ಕದಲ್ಲಿ ಮಾಡುವುದೆಂದಾಯಿತು. ಕೋಡಿ ಕೆಳಗೆ ಜೆಸಿಬಿ ಇಳಿಯಬಾರದು, ಔಷಧಿ ಹೊಡೆಯಬಾರದು, ಸೊಪ್ಪನ್ನು ನಾರಾಯಣಮ್ಮ ಹೇಳಿದ ಹಾಗೇ ಚಿವುಟಬೇಕು ಎಂದು ತೀರ್ಮಾನವಾಯಿತು.

ಕೋಲಾರದಿಂದ ಬಂದಿದ್ದ ಅಧಿಕಾರಿ ಪುಸ್ತಕ ತಿರುವಿ ಹಾಕಿ, 'ಒಂದು ಕಾಲಂ ಖಾಲಿ ಬಿಟ್ಟಿದ್ದೀರಿ ಸಾರ್. ಈ ಜಾಗಕ್ಕೆ ಅಪಾಯ ಯಾರಿಂದ ಅಂತ ಬರೀಬೇಕು' ಎಂದರು. ಒಬ್ಬರು ಮೇಕೆ ಎಂದರು, ಇನ್ನೊಬ್ಬರು ಪ್ಲಾಸ್ಟಿಕ್ ಎಂದರು. ಅತ್ತೆ ಸೆರಗು ಕೊಡವಿಕೊಂಡು, 'ಓದ್ಕೊಂಡೋರಿಂದ ಅಂತ ಬರೀರಿ ಅಳಿಯಂದ್ರೇ' ಎಂದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಯಾರಾದರೂ ಬೇಡ ಅನ್ನುತ್ತಾರೇನೋ ಎಂದು ಸುತ್ತ ನೋಡಿದೆ, ನನ್ನ ಹೆಂಡತಿಯೇ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಬರೆದೆ, ದುಂಡಗೆ ಬರೆದೆ. ಕೆಳಗೆ ಸಹಿ ಹಾಕಿ, ಅಭ್ಯಾಸಬಲ ನೋಡಿ, ಹೆಸರಿನ ಮುಂದೆ ಎಂ.ಎಸ್ಸಿ. ಎಂದೂ ಸೇರಿಸಿದೆ.